ದೇವಮೂಲೆಯ ಉಪ್ಪು ಇದ್ದಿಲು

ಕಾರ್ಖಾನೆಯಲ್ಲಿ ದ್ವಾರಕಾನಾಥನಿಗೆ ಒಂದು ಅಡ್ಡಹೆಸರಿತ್ತು, ಅರ್ತಿಂಗ್ ದ್ವಾರಕಾ. ಹೊಸ ಮೆಷಿನ್ನು ಬಂದರೆ ಉಳಿದವರೆಲ್ಲ ಅದರ ಬಣ್ಣ ನೋಡಿ ಹೊಗಳುತ್ತಿದ್ದರೆ ಇವನು ನೆಲಕ್ಕೆ ಬಗ್ಗಿ, ಅದರ ಬುಡದಲ್ಲಿ ಅರ್ತಿನ ತಂತಿ ಇದೆಯೋ ಇಲ್ಲವೋ ಎಂದು ಹುಡುಕುತ್ತಿದ್ದ. ಕರೆಂಟು ಕೊಟ್ಟ ಯಾವ ಲೋಹದ ಸಾಮಾನಿಗೂ ಭೂಮಿಯೊಳಕ್ಕೆ ಒಂದು ದಾರಿ ಇರಲೇಬೇಕು. ಅಪ್ಪಿತಪ್ಪಿ ಕರೆಂಟು ಅದರ ಮೈಗೆ ಇಳಿದರೆ ಆ ದಾರಿಯಲ್ಲಿ ಹರಿದುಹೋಗಿ ಫ್ಯೂಸು ಸುಡುತ್ತದೆ, ಮನುಷ್ಯ ಉಳಿಯುತ್ತಾನೆ. ದಾರಿ ಇಲ್ಲದಿದ್ದರೆ ಮುಟ್ಟಿದ ಮನುಷ್ಯನೇ ದಾರಿಯಾಗುತ್ತಾನೆ. ಇಷ್ಟೇ ಅವನ ವೇದಾಂತ, ಇದನ್ನೇ ಹದಿನಾಲ್ಕು ವರ್ಷದಿಂದ ಕಂಡಕಂಡವರಿಗೆ ಹೇಳಿ ತಲೆ ತಿನ್ನುತ್ತಿದ್ದ. ಇಂಥ ಮನುಷ್ಯ ಕೊನೆಗೆ ಸಿಕ್ಕಿಹಾಕಿಕೊಂಡದ್ದೂ ಅರ್ತಿಂಗಿನಲ್ಲೇ.

ಅವನಿದ್ದದ್ದು ರಾಜಗೋಪಾಲನಗರದಲ್ಲಿ, ಚಿಕ್ಕಮುನಿಯಮ್ಮನ ಸಾಲುಮನೆಯಲ್ಲಿ. ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಉಳಿದ ಜಾಗದಲ್ಲಿ ಆಕೆ ಆರು ಬಾಡಿಗೆ ಮನೆ ಕಟ್ಟಿಸಿದ್ದಳು. ಎದುರಿಗೆ ಆಕೆಯ ದೊಡ್ಡ ಮನೆ, ನಡುವೆ ಅಂಗಳ. ಅರವತ್ತು ದಾಟಿದ ಹೆಂಗಸು, ಆದರೆ ದನಿ ಮಾತ್ರ ಪೀಣ್ಯದ ಕಾರ್ಖಾನೆಗಳ ಸೈರನ್ನಿಗೆ ಪೈಪೋಟಿ. ಬಾಯಿ ಜೋರೇ ಹೊರತು ಮನಸ್ಸು ಕೆಟ್ಟದ್ದಲ್ಲ. ದ್ವಾರಕಾನಾಥನ ಹೆಂಡತಿ ಸತ್ಯವತಿ ಎಂಟು ವರ್ಷ ಕಾದು ಬಸುರಿಯಾದಾಗ ಮೊದಲು ಮಡಿಲು ತುಂಬಿದವಳು ಆಕೆಯೇ. ಈಗ ಸತ್ಯವತಿಗೆ ಏಳು ತಿಂಗಳು, ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನೆಲದ ಮೇಲಿನ ಮನೆ, ಎದುರಿಗೆ ಹೆತ್ತು ಹೊತ್ತು ಗೊತ್ತಿದ್ದ ಹೆಂಗಸು, ನೂರು ಹೆಜ್ಜೆಗೆ ಬಸ್ ಸ್ಟಾಪು. ಇಂಥ ಮನೆ ಬಿಟ್ಟರೆ ಇನ್ನೊಂದು ಸಿಕ್ಕುವುದಿಲ್ಲ ಎಂದು ಗಂಡ ಹೆಂಡಿರಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಚಿಕ್ಕಮುನಿಯಮ್ಮನ ಮಗ ವೆಂಕಟೇಶಪ್ಪನಿಗೆ ಹೊಸತರ ಹುಚ್ಚು. ಎಂಬತ್ತಾರನೆಯ ಇಸವಿಯಲ್ಲಿ ಆ ಬೀದಿಯಲ್ಲೇ ಮೊದಲು ತಾರಸಿಯ ಮೇಲೆ ಸೋಲಾರ್ ಕೂರಿಸಿದವನು ಅವನು. ಗಾಜಿನ ಹಲಗೆಗೆ ಬಿಸಿಲು ಬಿದ್ದು ನೀರು ಕಾಯುವುದು, ಕಾದ ನೀರು ದೊಡ್ಡ ಲೋಹದ ಟ್ಯಾಂಕಿನಲ್ಲಿ ನಿಂತು ಪೈಪಿನಲ್ಲಿ ಬಚ್ಚಲಿಗೆ ಇಳಿಯುವುದು. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಕರೆಂಟಿನ ಕಾಯಿಲ್. ಬಂದ ಖುಷಿಗೆ ಅವನು ಬಚ್ಚಲಿನ ಹಂಡೆ ಒಲೆಯನ್ನು ಒಡೆಸಿಯೂ ಹಾಕಿದ. ಕೂರಿಸಲು ಬಂದ ಅಂಗಡಿಯವರು ಮೂರು ತಂತಿಯ ಬದಲು ಎರಡೇ ತಂತಿ ಎಳೆದು ಕೈತೊಳೆದುಕೊಂಡು ಹೋದರು. ಆ ದಿನ ಸಂಜೆಯೇ ತಾರಸಿ ಹತ್ತಿ ನೋಡಿದ ದ್ವಾರಕಾನಾಥನಿಗೆ ಅನ್ನ ಸೇರಲಿಲ್ಲ.

"ಅರ್ತಿಂಗ್ ಇಲ್ದೆ ಟ್ಯಾಂಕಿಗೆ ಕರೆಂಟ್ ಕೊಡೋದು ಕಾನೂನಿಗೆ ವಿರುದ್ಧ ಕಣ್ರೀ. ಮನೆ ಮೇಲೆ ಯಮನ್ನ ಕೂರಿಸ್ಕೊಂಡಂಗೆ," ಎಂದು ವೆಂಕಟೇಶಪ್ಪನಿಗೆ ಹೇಳಿದ.

"ಹಂಗಾದ್ರೆ ನೀವೇ ಮಾಡ್ಕೊಡಿ ಸಾರ್, ನಿಮಗಿಂತ ಬೇಕಾ?" ಎಂದ ವೆಂಕಟೇಶಪ್ಪ.

ಮಾಡಿಕೊಟ್ಟ. ಒಣ ನೆಲದಲ್ಲಿ ಅರ್ತು ನಿಲ್ಲುವುದಿಲ್ಲ, ಹಸಿ ಬೇಕು. ಅಂಗಳದಲ್ಲಿ ಹಸಿಯಿದ್ದದ್ದು ಒಂದೇ ಕಡೆ, ಈಶಾನ್ಯದ ಮೂಲೆಯಲ್ಲಿ. ಅದು ದೇವಮೂಲೆ, ಚಿಕ್ಕಮುನಿಯಮ್ಮ ಅಲ್ಲಿ ಉಗುಳಲೂ ಬಿಡುತ್ತಿರಲಿಲ್ಲ. "ಅಮ್ಮ ಬೊಮ್ಮಸಂದ್ರಕ್ಕೆ ಅಕ್ಕನ ಮನೆಗೆ ಹೋಗ್ತಾಳೆ, ಎರಡು ದಿನ ಬರಲ್ಲ. ಅಷ್ಟರಲ್ಲಿ ಮುಗಿಸ್ಬಿಡಿ ಸಾರ್, ಅವಳಿಗೆ ಗೊತ್ತಾಗೋದು ಬೇಡ," ಎಂದ ವೆಂಕಟೇಶಪ್ಪ. ಸಾಲಿನ ಉಳಿದ ಐದು ಮನೆಯವರೂ ಹಬ್ಬಕ್ಕೆ ಊರಿಗೆ ಹೋಗಿದ್ದ ಹೊತ್ತು ನೋಡಿ, ಹೊರಗಿನ ಆಳು ಬಂದು ಎರಡಾಳುದ್ದ ಗುಂಡಿ ತೋಡಿದ. ದ್ವಾರಕಾನಾಥ ತೂತು ಕೊರೆದ ಕಬ್ಬಿಣದ ಪೈಪು ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಎಂದು ಪುಸ್ತಕದಲ್ಲಿ ಹೇಳಿದ ಹಾಗೆ ತುಂಬಿ, ನೀರು ಹೊಯ್ದ. ಉಪ್ಪು ಹಸಿ ಹಿಡಿಯುತ್ತದೆ, ಇದ್ದಿಲು ಕರೆಂಟನ್ನು ಹರಡುತ್ತದೆ. ಪುಸ್ತಕದಲ್ಲಿ ಇನ್ನೊಂದು ಮಾತೂ ಇತ್ತು. ಮೇಲೆ ಇಟ್ಟಿಗೆಯ ಕಟ್ಟೆ ಕಟ್ಟಿ, ಮುಚ್ಚಳ ಹಾಕಿ, ಇಲ್ಲಿ ಅರ್ತಿದೆ ಎಂದು ಬರೆಯಬೇಕು. ಅದೊಂದನ್ನು ಮಾಡಲಿಲ್ಲ. ಮುದುಕಿಯ ಕಣ್ಣಿಗೆ ಬೀಳಬಾರದಲ್ಲ, ಮಣ್ಣು ಮುಚ್ಚಿ ಸಮ ಮಾಡಿ ಸಗಣಿ ಸಾರಿಸಿಬಿಟ್ಟರು. ಹದಿನಾಲ್ಕು ವರ್ಷದಲ್ಲಿ ದ್ವಾರಕಾನಾಥ ನಿಯಮ ಮುರಿದದ್ದು ಅದೊಂದೇ ಸಲ.

ಆ ಗುಂಡಿ ಮೂರು ತಿಂಗಳು ತನ್ನ ಕೆಲಸ ಮಾಡಿತು. ಡಿಸೆಂಬರಿನಲ್ಲಿ ಒಂದು ದಿನ ಕಾಯಿಲಿನ ಫ್ಯೂಸು ಹೋಯಿತು, ಹೊಸದು ಹಾಕಿದರೆ ಅದೂ ಹೋಯಿತು. ಬೋರಿನ ಗಡಸು ನೀರಿಗೆ ಕಾಯಿಲಿನ ಮೇಲೆ ಬಿಳಿ ಹಕ್ಕಳೆ ಕಟ್ಟಿ, ಅದರ ತಾಮ್ರದ ಸಿಪ್ಪೆ ಬಿರಿದು ಕರೆಂಟು ನೀರಿಗೆ ಇಳಿಯುತ್ತಿದೆ ಎಂದು ದ್ವಾರಕಾನಾಥನಿಗೆ ತಕ್ಷಣ ಗೊತ್ತಾಯಿತು. ಫ್ಯೂಸಿನ ಹಿಡಿಯನ್ನೇ ಕಿತ್ತು ತನ್ನ ಮನೆಯಲ್ಲಿಟ್ಟುಕೊಂಡ. ವೆಂಕಟೇಶಪ್ಪ ಮಾಲೆ ಹಾಕಿಕೊಂಡು ಶಬರಿಮಲೆಗೆ ಹೊರಟಿದ್ದ. "ಬಂದ್ಮೇಲೆ ಹೊಸ ಕಾಯಿಲ್ ಹಾಕ್ಸೋಣ ಸಾರ್, ಅಲ್ಲೀವರ್ಗೂ ಬಿಸಿಲಿನ ನೀರೇ ಸಾಕು," ಎಂದು ಇರುಮುಡಿ ಹೊತ್ತು ಬಸ್ಸು ಹತ್ತಿದ.

ಅವನು ಹೋದ ನಾಲ್ಕನೆಯ ದಿನ, ಸೋಮವಾರ, ಫಸ್ಟ್ ಶಿಫ್ಟ್ ಮುಗಿಸಿ ದ್ವಾರಕಾನಾಥ ಮನೆಗೆ ಬಂದರೆ ಅಂಗಳದ ತುಂಬ ಜನ. ದೇವಮೂಲೆಯಲ್ಲಿ ತೆಂಗಿನ ಸಸಿ ನೆಡೋಣ ಎಂದು ಚಿಕ್ಕಮುನಿಯಮ್ಮ ಆಳಿನ ಕೈಲಿ ಗುಂಡಿ ತೆಗೆಸಿದ್ದಾಳೆ. ಎರಡು ಗುದ್ದಲಿ ಹಾಕುವಷ್ಟರಲ್ಲಿ ಕರೀ ಇದ್ದಿಲು, ಅದರಡಿ ಉಪ್ಪು, ನಡುವೆ ಮೈಯೆಲ್ಲ ತೂತಿನ ಕಬ್ಬಿಣ, ಕಬ್ಬಿಣದ ಕೊರಳಿಗೆ ತಂತಿ! ಆಕೆ ಎದೆ ಎದೆ ಬಡಿದುಕೊಂಡಿದ್ದಳು. ಮೂರು ತಿಂಗಳಿಂದ ಮಂಡಿ ಹಿಡಿದುಕೊಂಡಿದ್ದಕ್ಕೆ, ಸೀಮೆಹಸು ಹಾಲು ಬತ್ತಿಸಿದ್ದಕ್ಕೆ ಈಗ ಕಾರಣ ಸಿಕ್ಕಿತು. ಶಾಸ್ತ್ರ ಹೇಳುವವನನ್ನು ಕರೆಸಿ ಆಗಿತ್ತು. ಅವನು ಕವಡೆ ಆಡಿಸಿ, ಹೂತವರು ಇದೇ ಸೂರಿನಡಿ ಇದ್ದಾರೆ, ನಿನ್ನ ನೀರೇ ಕುಡಿಯುತ್ತಾರೆ ಎಂದು ಹೇಳಿ, ಮಂತ್ರಿಸಿದ ನಿಂಬೆಹಣ್ಣು ಕೊಟ್ಟಿದ್ದ. ಬುಧವಾರ ಎಳ್ಳಮಾವಾಸ್ಯೆ. ಅವತ್ತು ಹೊತ್ತು ಹುಟ್ಟುವಾಗ ಎಣ್ಣೆ ಹಚ್ಚಿಕೊಂಡು, ಆ ಹಣ್ಣು ಹಿಂಡಿದ ಬಿಸಿನೀರನ್ನು ತಲೆಗೆ ಹುಯ್ದುಕೊಂಡರೆ ಮಾಟ ಇಳಿಯುತ್ತದಂತೆ.

ಉಪ್ಪು ಇದ್ದಿಲನ್ನು ಆಗಲೇ ಮೋರಿಗೆ ಸುರಿದಿದ್ದರು. ಪೈಪನ್ನು ಕಿತ್ತು ಬೀದಿಗೆ ಎಸೆದಿದ್ದರು. ತಂತಿ ಗೋಡೆಯ ಪಕ್ಕದಲ್ಲಿ ತುಂಡಾಗಿ ಜೋತಾಡುತ್ತಿತ್ತು.

"ಯಾವನ್ಲಾ ಅವ್ನು? ಯಾವಳೇ ಅವ್ಳು? ಅಮಾಸೆಗೆ ಮುಂಚೆ ಅವ್ರ ಗಂಟುಮೂಟೆ ಬೀದೀಗೆ ಬೀಳ್ಬೇಕು!" ಎಂದು ಚಿಕ್ಕಮುನಿಯಮ್ಮ ಆರು ಬಾಗಿಲನ್ನೂ ಒಂದೊಂದಾಗಿ ನೋಡಿದಳು. ನೋಟ ಕೊನೆಯ ಬಾಗಿಲಲ್ಲಿ ನಿಂತಿತು. ಅಲ್ಲಿದ್ದವಳು ಅಂಜಿನಮ್ಮ. ಗಂಡ ಸತ್ತವಳು, ಊದುಬತ್ತಿ ಹೊಸೆದು ಬದುಕುವವಳು, ಸಾಲದ್ದಕ್ಕೆ ಊದುಬತ್ತಿಗೆಂದು ಮನೆಯಲ್ಲಿ ಮೂಟೆಗಟ್ಟಲೆ ಇದ್ದಿಲ ಪುಡಿ ಇಟ್ಟುಕೊಂಡವಳು.

ಹೇಳಬೇಕು ಎಂದು ದ್ವಾರಕಾನಾಥನ ಬಾಯಿ ತೆರೆಯಿತು ಕೂಡ. ಅಮ್ಮಾ ಅದು ನಾನು ಹೂತದ್ದು ಅನ್ನಬೇಕು, ಅಷ್ಟೇ. ಆದರೆ ಆ ಜನ, ಆ ಕವಡೆ, ಆ ಕೂಗು! ಆರು ಮನೆಯಲ್ಲಿ ಮಂತ್ರ ಬರುವ ಜಾತಿಯವನು ತಾನೊಬ್ಬನೇ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬಾಗಿಲಲ್ಲಿ ಸತ್ಯವತಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ವೆಂಕಟೇಶಪ್ಪ ಶನಿವಾರ ಬರುತ್ತಾನೆ, ಅವನೇ ಹೇಳಲಿ, ಅಷ್ಟರವರೆಗೆ ಫ್ಯೂಸು ಹೇಗೂ ನನ್ನ ಹತ್ತಿರ ಇದೆ ಎಂದುಕೊಂಡ. ಅಂಜುಬುರುಕನಿಗೆ ಕಾರಣಗಳು ಬೇಗ ಸಿಗುತ್ತವೆ. ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದ.

ಅವತ್ತು ರಾತ್ರಿಯೂಟಕ್ಕೆ ಕೂತಾಗ ಸತ್ಯವತಿ ಕೇಳಿದಳು. "ರೀ, ಅದು ನೀವು ಮಾಡಿದ್ದಲ್ವಾ?"

"ಶನಿವಾರದವರೆಗೂ ಸುಮ್ನಿರು."

"ಪಾಪ, ಅಂಜಿನಮ್ಮನ ಮುಖಕ್ಕೆ ಉಗಿದ್ರು ಕಣ್ರೀ."

ಅವನು ಕೈ ತೊಳೆದು ಎದ್ದ.

ಮಂಗಳವಾರ ಮೋಡ ಕವಿಯಿತು. ಸೋಲಾರಿನ ನೀರು ತಣ್ಣಗೆ ಕೊರೆಯುತ್ತಿತ್ತು. ಮಧ್ಯಾಹ್ನ ಚಿಕ್ಕಮುನಿಯಮ್ಮನೇ ಅವನ ಬಾಗಿಲಿಗೆ ಬಂದಳು.

"ಐನೋರೆ, ನಾಳೀಕೆ ಬಿಸಿನೀರು ಬೇಕೇ ಬೇಕು. ಆ ಪೂಜ್ ಹಾಕ್ಕೊಡಿ."

"ಕಾಯಿಲ್ ಹೋಗಿದೆ ಅಮ್ಮ, ಹಾಕಿದ್ರೆ ಅಪಾಯ. ನಮ್ಮ ಮನೇಲಿ ಸ್ಟವ್ ಮೇಲೆ ಕಾಯಿಸಿ ಕೊಡ್ತೀವಿ."

"ಬ್ಯಾರೆ ಮನೆ ನೀರು ಆಗಾಕಿಲ್ಲ ಅಂತ ಶಾಸ್ತ್ರದವ್ನು ಅಂದವ್ನೆ. ಒಲೇಲಿ ಕಾಯ್ಸಿದ್ದೂ ಆಗಾಕಿಲ್ಲ, ಇದೇ ಮನೆ ನಲ್ಲೀಲಿ ಬಿಸಿಯಾಗೇ ಬಂದಿದ್ದಾಗ್ಬೇಕು."

"ದಮ್ಮಯ್ಯ ಅಂತೀನಿ, ವೆಂಕಟೇಶಪ್ಪ ಬರಲಿ ಅಮ್ಮ."

ಆಕೆ ಅವನ ಮುಖವನ್ನು ಒಂದು ಥರ ನೋಡಿ ಹೋದಳು. ಆ ನೋಟ ಅವನಿಗೆ ಹಿಡಿಸಲಿಲ್ಲ. ಅದೇ ದಿನ ಅವನಿಗೆ ಶಿಫ್ಟು ಬದಲಾಗಿ ರಾತ್ರಿಪಾಳಿ ಬಿತ್ತು. ಕಾರ್ಖಾನೆಯಲ್ಲಿ ಇದ್ದಷ್ಟು ಹೊತ್ತೂ ಮನೆಯಿಂದ ಕಿಸೆಗೆ ಹಾಕಿಕೊಂಡು ಬಂದಿದ್ದ ಫ್ಯೂಸಿನ ಹಿಡಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ.

ಬೆಳಿಗ್ಗೆ ಬಂದು ಗೇಟು ತೆಗೆದವನೇ ಅಲ್ಲೇ ನಿಂತ. ದೊಡ್ಡ ಮನೆಯ ಹೊರಗೋಡೆಯ ಬೋರ್ಡಿನಲ್ಲಿ ಕಾಯಿಲಿನ ಕೆಂಪು ದೀಪ ಉರಿಯುತ್ತಿತ್ತು. ಬೀದಿಯ ವೈರಿಂಗ್ ಮುನಿಯಣ್ಣನನ್ನು ಕರೆಸಿದ್ದಾರೆ. ಫ್ಯೂಸಿನ ಹಿಡಿಯೇ ಬೇಕಿಲ್ಲದ ಪುಣ್ಯಾತ್ಮ ಅವನು, ಆ ಜಾಗಕ್ಕೆ ದಪ್ಪ ತಾಮ್ರದ ತಂತಿಯನ್ನೇ ಸುತ್ತಿಬಿಟ್ಟಿದ್ದಾನೆ. ಅದು ಯಾವ ಜನ್ಮಕ್ಕೂ ಸುಡುವುದಿಲ್ಲ. ಟ್ಯಾಂಕಿಗೆ ಅರ್ತಿಲ್ಲ, ಬೋರಿನಿಂದ ಮೇಲಕ್ಕೆ ಹೋಗುವ ಪೈಪು ಪ್ಲಾಸ್ಟಿಕ್ಕು, ಬಚ್ಚಲಿಗೆ ಇಳಿಯುವ ಪೈಪು ಮತ್ತು ನಲ್ಲಿ ಕಬ್ಬಿಣ. ಬಿರಿದ ಕಾಯಿಲಿನ ಕರೆಂಟಿಗೆ ಈಗ ಇರುವ ದಾರಿ ಒಂದೇ. ಆ ದಾರಿ ತಲೆಗೆ ಎಣ್ಣೆ ಮೆತ್ತಿಕೊಂಡು, ಒದ್ದೆ ಸೀರೆ ಉಟ್ಟು, ಕೈಯಲ್ಲಿ ನಿಂಬೆಹಣ್ಣು ಹಿಡಿದು, ಬಚ್ಚಲ ಕಡೆಗೆ ಕುಂಟುತ್ತ ಹೋಗುತ್ತಿತ್ತು.

"ನಲ್ಲಿ ಮುಟ್ಬೇಡಿ!" ಎಂದು ಕಿರುಚಿಕೊಂಡೇ ಓಡಿದ. ಮೊದಲು ಸ್ವಿಚ್ಚು ಆರಿಸಿದ.

ಕೂಗಿಗೆ ಎಲ್ಲ ಬಾಗಿಲೂ ತೆರೆದವು. ಅಂಜಿನಮ್ಮನ ಬಾಗಿಲು ಆಗಲೇ ತೆರೆದಿತ್ತು. ಅವಳು ಹೊಸಿಲ ಹೊರಗೆ ಒಂದು ಟ್ರಂಕು, ಒಂದು ಬಟ್ಟೆಗಂಟು ಇಟ್ಟುಕೊಂಡು ಹೊರಡಲು ನಿಂತಿದ್ದಳು.

"ಅಮ್ಮಾ, ಅದು ಮಾಟ ಅಲ್ಲ. ಆ ಉಪ್ಪು ಇದ್ದಿಲು ಹೂತದ್ದು ನಾನು. ಕರೆಂಟಿಗೋಸ್ಕರ, ನಿಮ್ಮ ಜೀವ ಕಾಯೋಕೆ," ಎಂದ ದ್ವಾರಕಾನಾಥ. ಎರಡು ದಿನ ಗಂಟಲಲ್ಲಿದ್ದದ್ದು ಒಂದೇ ಉಸಿರಿಗೆ ಹೊರಗೆ ಬಿತ್ತು.



"ಕರೆಂಟಿಗೆ ಉಪ್ಪು ಆಕ್ತಾರಾ? ಅದೇನು ಸಾರಾ?" ಎಂದಳು ಚಿಕ್ಕಮುನಿಯಮ್ಮ ಮೆಲ್ಲಗೆ. ಆಕೆ ಮೆಲ್ಲಗೆ ಮಾತಾಡಿದ್ದನ್ನು ಆರು ಮನೆಯವರೂ ಅವತ್ತೇ ಮೊದಲು ಕೇಳಿದ್ದು.

"ನಿಮ್ಮ ಮಗನೇ ಮಾಡಿ ಅಂದಿದ್ದು, ಕೇಳಿ ಬೇಕಾದ್ರೆ."

"ಮಾಲೆ ಆಕ್ಕೊಂಡಿರೋ ನನ್ ಮಗ ದ್ಯಾವ್ರ ಮೂಲೆ ಅಗಿಸ್ತಾನಾ? ಅವ್ನು ಇಲ್ದಾಗ ಅವ್ನ ಮ್ಯಾಲೆ ಏಳ್ತೀರಾ?"

ಮಾತಿನಲ್ಲಿ ಆಗುವುದಿಲ್ಲ, ಕಣ್ಣಿಗೆ ತೋರಿಸಬೇಕು ಎಂದು ದ್ವಾರಕಾನಾಥ ಮನೆಯಿಂದ ಬಲ್ಬಿನ ಹೋಲ್ಡರಿಗೆ ಎರಡು ಉದ್ದ ತಂತಿ ಸಿಕ್ಕಿಸಿದ್ದನ್ನು ತಂದ. ಕಾರ್ಖಾನೆಯಲ್ಲಿ ಎಷ್ಟೋ ದಡ್ಡರಿಗೆ ಇದರಿಂದಲೇ ಬುದ್ಧಿ ಬಂದಿತ್ತು. ಒಂದು ತುದಿಯನ್ನು ಬಚ್ಚಲಿನ ನಲ್ಲಿಗೆ ಕಟ್ಟಿದ. ಇನ್ನೊಂದನ್ನು ದೇವಮೂಲೆಯ ಅಗೆದ ಗುಂಡಿಯಲ್ಲಿ, ಉಪ್ಪಿನ ಹಸಿ ಇನ್ನೂ ಉಳಿದಿದ್ದ ಕಡೆ, ಮೊಳೆಗೆ ಸುತ್ತಿ ನೆಟ್ಟ. ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ಚು ಹಾಕಿದ. ಬಲ್ಬು ಹತ್ತಿಕೊಂಡಿತು.

"ನೋಡಿ! ನಲ್ಲಿಯಲ್ಲಿ ಕರೆಂಟಿದೆ. ಈಗ ಮುಟ್ಟಿದ್ರೆ ಸತ್ತೇಹೋಗ್ತಿದ್ರಿ."

ಅವನು ಗೆದ್ದೆ ಎಂದುಕೊಂಡು ತಿರುಗಿ ನೋಡಿದ. ಒಬ್ಬರ ಮುಖದಲ್ಲೂ ಬುದ್ಧಿ ಬಂದ ಲಕ್ಷಣ ಇರಲಿಲ್ಲ, ಇದ್ದದ್ದು ಬರೀ ಭಯ. ಹಿಂದೆ ನಿಂತ ಒಬ್ಬಳು ಮಗುವಿನ ಕಣ್ಣು ಮುಚ್ಚಿದಳು.

"ನೀರಿನ ನಲ್ಲೀಲಿ ದೀಪ ಉರಿಸ್ದ," ಎಂದಳು ಚಿಕ್ಕಮುನಿಯಮ್ಮ. "ಅದೂ ಅದೇ ಗುಂಡಿಯಿಂದ. ಕಂಡ್ರೇನ್ರಪ್ಪಾ? ಇನ್ನೇನು ಬೇಕು ಸಾಕ್ಷಿ?"

ದ್ವಾರಕಾನಾಥ ಸ್ವಿಚ್ಚು ಆರಿಸಿದ. ಹೇಳಿದಷ್ಟೂ ಹೂತುಹೋಗುತ್ತಿದ್ದೇನೆ ಎಂದು ಅವನಿಗೆ ಅರ್ಥವಾಯಿತು. ಗಲಾಟೆ ಕೇಳಿ ಬಂದಿದ್ದ ಮುನಿಯಣ್ಣನ ಕಡೆ ಆಸೆಯಿಂದ ನೋಡಿದ. "ಮುನಿಯಣ್ಣ, ನೀನಾದ್ರೂ ಹೇಳಪ್ಪ. ಅರ್ತಿಗೆ ಉಪ್ಪು ಇದ್ದಿಲು ಹಾಕಲ್ವಾ?"

ಮುನಿಯಣ್ಣ ತಲೆ ಕೆರೆದುಕೊಂಡ. ಅವನು ಆ ಬೀದಿಯಲ್ಲಿ ಮೂವತ್ತು ಮನೆಗೆ ವೈರಿಂಗ್ ಮಾಡಿದ್ದ, ಒಂದಕ್ಕೂ ಗುಂಡಿ ತೋಡಿರಲಿಲ್ಲ. ಹಾಕುತ್ತಾರೆ ಅಂದರೆ ಮೂವತ್ತು ಮನೆಯವರಿಗೆ ಜವಾಬು ಹೇಳಬೇಕು. "ನನ್ ಸರ್ವಿಸಲ್ಲಿ ನಾನಂತೂ ಕಂಡಿಲ್ಲ ಗುರುಗಳೇ," ಎಂದು ಬೇರೆ ಕಡೆ ನೋಡಿದ.

"ನಡೀರಿ ಐನೋರೆ, ಹೊತ್ತು ಏರೋದ್ರೊಳ್ಗೆ ಮನೆ ಖಾಲಿ ಮಾಡಿ," ಎಂದಳು ಚಿಕ್ಕಮುನಿಯಮ್ಮ. "ಬಸುರಿ ಎಂಗ್ಸು ಅಂತ ನಾನು ಪೋಲೀಸ್ರನ್ನ ಕರೆಯಾಕಿಲ್ಲ. ಮುನಿಯಣ್ಣ, ಸ್ವಿಚ್ ಆಕು. ಹೊತ್ತು ಮೀರ್ತದೆ, ನಾನು ನೀರು ಉಯ್ಕೋಬೇಕು."

ಮುನಿಯಣ್ಣ ಬೋರ್ಡಿನ ಕಡೆ ಹೊರಟ. ದ್ವಾರಕಾನಾಥ ಬೋರ್ಡಿಗೆ ಬೆನ್ನು ಕೊಟ್ಟು ಅಡ್ಡ ನಿಂತ. ಆದರೆ ಎಷ್ಟು ಹೊತ್ತು ನಿಂತಾನು? ನಾಲ್ಕು ಜನ ಹಿಡಿದು ಎಳೆದರೆ ಮುಗಿಯಿತು. ತಂತಿ ಕತ್ತರಿಸಿದರೆ ಮುನಿಯಣ್ಣ ಗಂಟು ಹಾಕುತ್ತಾನೆ. ಕಾಯಿಲನ್ನು ಬಿಚ್ಚಿದರೆ ಮತ್ತೆ ಕೂರಿಸುತ್ತಾನೆ. ಶನಿವಾರಕ್ಕೆ ವೆಂಕಟೇಶಪ್ಪ ಬರುವಾಗ ಮನೆಯಲ್ಲಿ ಸೂತಕ. ಸತ್ಯ ಹೇಳಿದ್ದಾಯಿತು, ಕಣ್ಣಿಗೆ ತೋರಿಸಿದ್ದೂ ಆಯಿತು, ಆ ಸತ್ಯವೇ ಈಗ ಈ ಮುದುಕಿಯನ್ನು ಬಚ್ಚಲಿಗೆ ನೂಕುತ್ತಿದೆ. ಅವಳು ನಂಬುವುದು ಒಂದನ್ನೇ. ಅದನ್ನು ಹೇಳಲು ಅವನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳುವೂ ಬಂತು.

"ಅಮ್ಮ," ಎಂದ. "ನೀವು ಹೇಳಿದ್ದೇ ನಿಜ. ಮಾಟ ಮಾಡಿದ್ದು ನಾನೇ."

ಹಿಂದೆ ಸತ್ಯವತಿ "ರೀ!" ಎಂದು ಕೂಗಿದಳು. ಅವನು ತಿರುಗಲಿಲ್ಲ.

"ಗುಂಡೀಲಿದ್ದದ್ದು ಅರ್ಧ. ಇನ್ನರ್ಧ ಮೇಲಿದೆ, ಟ್ಯಾಂಕಿನೊಳಗೆ. ಅದಿರೋವರೆಗೆ ಆ ನೀರು ಮೈಗೆ ಬಿದ್ರೆ ನಿಂಬೆಹಣ್ಣಿಗೂ ಜಗ್ಗಲ್ಲ. ನಾನೇ ತೆಗೆದುಕೊಡ್ತೀನಿ."

ಜನ ದಾರಿ ಬಿಟ್ಟರು. ಮುಟ್ಟಿಸಿಕೊಳ್ಳಬಾರದೆಂದು ಹಾರಿ ಹಾರಿ ಬಿಟ್ಟರು. ಅವನು ಮೇನ್ ಸ್ವಿಚ್ಚು ಆರಿಸಿ, ಸ್ಪ್ಯಾನರ್ ಹಿಡಿದು ತಾರಸಿ ಹತ್ತಿ, ಟ್ಯಾಂಕಿನ ಬದಿಯ ಬೋಲ್ಟುಗಳನ್ನು ಬಿಚ್ಚಿದ. ಒಳಗಿದ್ದ ನೀರೆಲ್ಲ ಅವನ ಎದೆಯ ಮೇಲೆ ಸುರಿದು, ತಾರಸಿಯ ನೀರಿನ ದೋಣಿಯಿಂದ ಅಂಗಳಕ್ಕೆ ಧೋ ಎಂದಿತು. ತಲೆಯಿಂದ ಕಾಲಿನವರೆಗೆ ತೊಯ್ದವನು ಕಾಯಿಲನ್ನು ಹಿಡಿದು ಇಳಿದು ಬಂದ. ಹಾವಿನ ಹಾಗೆ ಸುತ್ತಿಕೊಂಡ ತಾಮ್ರ, ಅದರ ಮೇಲೆ ಬಿಳಿಯ ಹಕ್ಕಳೆ, ಒಂದು ಕಡೆ ಕರ್ರಗೆ ಸುಟ್ಟು ಬಾಯಿಬಿಟ್ಟ ಬಿರುಕು. ನೋಡಿದವರೆಲ್ಲ ಹಿಂದೆ ಸರಿದರು. ಶಾಸ್ತ್ರದವನೇ ಬಂದು ಮಾಟದ ಸಾಮಾನು ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

"ಇದನ್ನ ಕೆರೆಗೆ ಹಾಕಿಸಿ. ಆ ಟ್ಯಾಂಕಿಗೆ ಇನ್ಮೇಲೆ ಕರೆಂಟು ಮುಟ್ಟಿಸಲೇಬೇಡಿ. ಮುಟ್ಟಿಸಿದ್ರೆ ಮಾಟ ವಾಪಸ್ ಬರುತ್ತೆ. ಬಿಸಿಲಿನ ನೀರಿಗೆ ದೋಷ ಇಲ್ಲ."

"ಆಣೆ ಮಾಡಿ," ಎಂದಳು ಚಿಕ್ಕಮುನಿಯಮ್ಮ. "ಹುಟ್ಟೋ ಮಗೀನ ಮ್ಯಾಲೆ ಆಣೆ ಮಾಡಿ ಏಳಿ, ಇಷ್ಟೇಯಾ, ಇನ್ನೆಲ್ಲೂ ಏನೂ ಇಕ್ಕಿಲ್ಲ ಅಂತ."

ಎಂಟು ವರ್ಷ ಕಾದ ಮಗು. ಮುನಿಯಣ್ಣ ಇನ್ನೂ ಬೋರ್ಡಿನ ಹತ್ತಿರವೇ ನಿಂತಿದ್ದ.

"ಹುಟ್ಟೋ ಮಗುವಿನಾಣೆ, ಇಷ್ಟೇ," ಎಂದ ದ್ವಾರಕಾನಾಥ.

ಮಧ್ಯಾಹ್ನದ ಹೊತ್ತಿಗೆ ಪಾತ್ರೆಪಗಡ ಒಂದು ಟೆಂಪೋ ಹತ್ತಿದವು. ತುಂಬಲು ಒಬ್ಬರೂ ಕೈ ಹಾಕಲಿಲ್ಲ. ಮಗುವಿನ ಆಣೆಗೆ ಸತ್ಯವತಿಯ ಕಣ್ಣು ಇನ್ನೂ ಕೆಂಪಗಿತ್ತು. ಅಂಜಿನಮ್ಮ ತನ್ನ ಟ್ರಂಕನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದಳು. ಟೆಂಪೋದ ಹತ್ತಿರ ಬಂದು ಅವನ ಮುಖವನ್ನೇ ನೋಡುತ್ತ ನಿಂತಳು.

"ಎರಡು ದಿನ ನನ್ನ ಮುಖಕ್ಕೆ ಉಗಿದ್ರು ಸಾರ್. ನೀವು ಮಾಡಿದ್ದಕ್ಕೆ. ನೋಡ್ಕೊಂಡು ಸುಮ್ನೇ ಇದ್ರಲ್ಲ," ಎಂದಳು.

ಮಾಟ ಮಾಡಲಿಲ್ಲ ಎಂದು ಅವಳೊಬ್ಬಳಿಗೆ ಹೇಳಬಹುದಿತ್ತು. ಆದರೆ ಅವಳು ಇನ್ನೊಬ್ಬರಿಗೆ ಹೇಳುತ್ತಾಳೆ, ಸಂಜೆಗೆ ಮುನಿಯಣ್ಣ ಹೊಸ ಕಾಯಿಲ್ ತರುತ್ತಾನೆ. ಶನಿವಾರ ವೆಂಕಟೇಶಪ್ಪ ಬಂದು ನಿಜ ಹೇಳಿದರೂ, ತಾನೇ ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಅವನ ತಾಯಿ ನಂಬುವುದಿಲ್ಲ. ಅಲ್ಲದೆ ಸುಮ್ಮನಿದ್ದದ್ದಂತೂ ನಿಜವೇ ಆಗಿತ್ತು.

"ತಪ್ಪಾಯ್ತಮ್ಮ," ಎಂದ.

ಅವಳು ಅವನ ಕಾಲ ಬಳಿ ಉಗಿದು ಹೋದಳು.

ಟೆಂಪೋ ಹೊರಟಿತು. ಜಗಲಿಯ ಮೇಲೆ ನಿಂತ ಚಿಕ್ಕಮುನಿಯಮ್ಮ ಎರಡು ಕೈಯಲ್ಲೂ ಮಣ್ಣು ತೂರಿ ಶಾಪ ಹಾಕಲು ಶುರು ಮಾಡಿದಳು. ನಿನ್ನ ವಂಶ ಅಳಿಯ, ನಿನ್ನ ಕೈ ಸೇದಿಹೋಗ ಎಂದು ಒಂದೊಂದೂ ತಿರುವಿನವರೆಗೆ ಕೇಳಿಸಿತು. ಸತ್ಯವತಿ ಕಿವಿ ಮುಚ್ಚಿಕೊಂಡಳು. ದ್ವಾರಕಾನಾಥ ಮುಚ್ಚಿಕೊಳ್ಳಲಿಲ್ಲ. ದನಿ ಗಟ್ಟಿಯಾಗಿದೆ, ಉಸಿರು ಎಲ್ಲೂ ಕಟ್ಟುತ್ತಿಲ್ಲ, ಇನ್ನೂ ಇಪ್ಪತ್ತು ವರ್ಷ ಹೀಗೇ ಬೈಯಬಲ್ಲಳು ಎಂದುಕೊಳ್ಳುತ್ತ ಕೇಳಿಸುವಷ್ಟು ದೂರವೂ ಕೇಳಿಸಿಕೊಂಡ.